ನೆಟ್ ಸ್ಲೋ ಅದ, ಖರೆ. ಆದರ ಎಲ್ಲಿ?

ದಸರಾ ರಜೆಗೆ ಹುಲಸೂರಿಗೆ ಹೋದಾಗ ಬ್ಯಾಗ್ ಕೆಳಗಿಡುವ ಮೊದಲೇ ಅವ್ವ ಅಂದಳು, "ಊಟ ಆಮ್ಯಾಲ ಮಾಡಂತಿ, ಮೊದ್ಲು ಆ ನೆಟ್ ಏನಾಗ್ಯಾದ ನೋಡು." ಅವ್ವನಿಗೂ ಇಂಟರ್ನೆಟ್ಟಿಗೂ ಸಂಜೆಯ ಪ್ರವಚನದ ವಿಡಿಯೋ ಬಿಟ್ಟರೆ ಬೇರೆ ಸಂಬಂಧ ಇಲ್ಲ. ಅವಳ ಚಿಂತೆ ಅಕ್ಕನದು.

ಅಕ್ಕ ಬಾಣಂತನಕ್ಕೆ ತವರಿಗೆ ಬಂದವಳು. ಕೂಸಿಗೆ ಆಗ ಐದು ತಿಂಗಳು. ಕೆಲಸ ಹೈದರಾಬಾದಿನಲ್ಲಿ. 2017ರ ತಿದ್ದುಪಡಿ ಆದಮೇಲೆ ಹೆರಿಗೆ ರಜೆ 26 ವಾರ, ಅದು ಮುಗಿದ ಮೇಲೆ ಕೆಲಸ ಅಂಥದ್ದಿದ್ದರೆ ಮನೆಯಿಂದಲೇ ಮಾಡಲು ಕಂಪನಿ ಬಿಡಬಹುದು ಅಂತಲೂ ಅದೇ ಕಾಯ್ದೆಯಲ್ಲಿದೆ. ಅವಳ ಕಂಪನಿಯವರು ಒಪ್ಪಿದ್ದರು. ಶರತ್ತು ಒಂದೇ, ಮನೆಯ ನೆಟ್ ಕೆಲಸಕ್ಕೆ ಬರುವಂತಿರಬೇಕು. ನೋಡೋಣ ಅಂತ ಅವರು ಕಳಿಸಿದ 12 ಜಿಬಿ ಫೈಲನ್ನು ರಾತ್ರಿ ಎಂಟಕ್ಕೆ ಹಚ್ಚಿದರೆ ನಡುರಾತ್ರಿ ತನಕ ಎಳೆಯುತ್ತಿತ್ತು. ನಡುವೆ ಎಲ್ಲಾದರೂ ಕಡಿದರೆ ಮತ್ತೆ ಮೊದಲಿಂದ. ರಜೆ ಮುಗಿಯಲು ಮೂರು ವಾರ ಉಳಿದಿತ್ತು.

ಅಪ್ಪ ತಮಗೆ ತೋಚಿದ್ದನ್ನು ಮಾಡಿದ್ದರು. 50ರ ಪ್ಲಾನ್ ತೆಗೆಸಿ 100ರದ್ದು ಹಾಕಿಸಿದ್ದರು. ಏನೂ ಬದಲಾಗಿರಲಿಲ್ಲ. ಮನೆಯಲ್ಲಿ ತೀರ್ಪು ಆಗಲೇ ಹೊರಬಿದ್ದಿತ್ತು, ಕಾಕಾನ ಬಾಯಿಂದ. "ಹಳ್ಳ್ಯಾಗ ಇವೆಲ್ಲ ನಡೆಂಗಿಲ್ಲ ಬಿಡವ್ವ. ಕೂಸಿನ್ ತಗೊಂಡು ಹೈದರಾಬಾದಿಗಿ ಹೋಗು, ಇಲ್ಲಾಂದ್ರ ನೌಕ್ರಿ ಬಿಡು."

ನನ್ನ ತಕರಾರು ಕಾಕಾನ ಮೇಲಲ್ಲ. ಅವರು ಹೊಲ ಮಾಡುವ ಮನುಷ್ಯ. ತಕರಾರು ನನ್ನ ಮೇಲೆ, ಇದನ್ನು ಓದುತ್ತಿರುವ ನಿಮ್ಮ ಮೇಲೆ. ಓಎಸ್‌ಐ ಮಾದರಿಯ ಏಳು ಪದರವನ್ನು ಹತ್ತು ಮಾರ್ಕ್ಸಿಗೆ ಬಾಯಿಪಾಠ ಮಾಡಿ, ಚಿತ್ರ ಬಿಡಿಸಿ, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಬಂದವರು ನಾವು. ನಮ್ಮ ಮನೆಯಲ್ಲೇ ನೆಟ್ ನಿಂತಾಗ ನಾವು ಮಾಡುವುದೇನು? ರೌಟರ್ ಆಫ್ ಮಾಡಿ ಆನ್ ಮಾಡ್ತೀವಿ. ಡಿಎನ್ಎಸ್ 8.8.8.8 ಹಾಕ್ತೀವಿ. ಯಾವುದೋ 'ಸ್ಪೀಡ್ ಬೂಸ್ಟರ್' ಇನ್‌ಸ್ಟಾಲ್ ಮಾಡ್ತೀವಿ. ಆಮೇಲೆ "ನಮ್ಮ ಕಡೆ ಹಿಂಗೇ" ಅಂತ ಹೇಳಿ ಹಾಸ್ಟೆಲಿಗೆ ವಾಪಸ್ ಬರ್ತೀವಿ. ಮೊದಲ ದಿನ ನಾನೂ ಇಷ್ಟೇ ಮಾಡಿದ್ದು, ಸುಳ್ಳು ಹೇಳುವುದಿಲ್ಲ. ಡಿಎನ್ಎಸ್ ಅನ್ನುವುದು ವಿಳಾಸ ಹುಡುಕಿ ಕೊಡುವ ವ್ಯವಸ್ಥೆ. ಮನೆ ನಂಬರ್ ಬೇಗ ಸಿಕ್ಕಿತು ಅಂದಮಾತ್ರಕ್ಕೆ ಅಲ್ಲಿಂದ ಬರುವ 12 ಜಿಬಿ ಬೇಗ ಬರುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಬದಲಾಯಿಸಿದೆ, ಏನೋ ಒಂದು ಮಾಡಿದ ಸಮಾಧಾನಕ್ಕೆ.

"ನೆಟ್ ಸ್ಲೋ ಅದ" ಅನ್ನುವುದು "ಹೊಟ್ಟೆ ನೋವು" ಅಂದ ಹಾಗೆ. ಎಲ್ಲಿ ನೋಯುತ್ತದೆ, ಯಾವಾಗ ನೋಯುತ್ತದೆ ಅಂತ ಕೇಳದ ಡಾಕ್ಟರ್ ಕೊಟ್ಟ ಗುಳಿಗೆಯನ್ನು ನಾವು ನುಂಗುತ್ತೇವೆಯೇ?

ಎರಡನೇ ದಿನ ಅಪ್ಪ ಸಿಟ್ಟಿನಲ್ಲಿದ್ದರು. "ನೂರು ಅಂತ ರೊಕ್ಕ ತಗೊಂಡಾರ, ಇಲ್ಲಿ ಮೂರು ತೋರಸ್ತದ. ಇದು ಮೋಸ ಅಲ್ಲೇನು?" ಅರ್ಧ ಮೋಸ ಅಲ್ಲ. ಪ್ಲಾನಿನ 100 ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಡೌನ್‌ಲೋಡ್ ಕಿಟಕಿಯ 3 ಅಂದರೆ 3 ಮೆಗಾಬೈಟ್. ಒಂದು ಬೈಟಿಗೆ ಎಂಟು ಬಿಟ್, ಹಾಗಾಗಿ ಆ ಮೂರು ಅಂದರೆ 24. ನೂರರ ಪ್ಲಾನ್ ಪೂರ್ತಿ ಬಂದರೂ ಆ ಕಿಟಕಿಯಲ್ಲಿ 12 ದಾಟುವುದಿಲ್ಲ. ಮಾರುವವರು ದೊಡ್ಡ ಅಂಕಿ ಕಾಣುವ ಮಾನ ಹಿಡಿದರು, ಸಾಫ್ಟ್‌ವೇರಿನವರು ಫೈಲಿನ ಅಳತೆಗೆ ಹೊಂದುವ ಮಾನ ಹಿಡಿದರು. ನಡುವೆ ನಮ್ಮ ಅಪ್ಪಂದಿರು. ಹೀಗೆ ಎಂಟರಿಂದ ಗುಣಿಸಿ ಹೇಳಿದ ಮೇಲೂ ಅಪ್ಪನ ಪ್ರಶ್ನೆ ನಿಂತೇ ಇತ್ತು. "ಆತು, 24 ಅಂತಿಟ್ಕೋ. ಉಳಿದಿದ್ದು ಎಲ್ಲಿ ಹೋತು?"

ಇದು ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವ ದಾರಿ ಲ್ಯಾಬಿನಲ್ಲಿ ಸರ್ಕ್ಯೂಟ್ ಕೆಟ್ಟಾಗ ನಾವು ಮಾಡುವುದೇ. ನಡುವೆ ಕಡಿ, ಯಾವ ಅರ್ಧ ಕೆಟ್ಟಿದೆ ನೋಡು. ಮನೆಯ ನೆಟ್ಟನ್ನು ಕಡಿಯಲು ಸರಿಯಾದ ಜಾಗ ರೌಟರ್. ನನ್ನ ಲ್ಯಾಪ್‌ಟಾಪನ್ನು ಒಂದು ಮೊಳದ ಕೇಬಲಿನಿಂದ ನೇರ ರೌಟರಿಗೆ ಸಿಕ್ಕಿಸಿದೆ. ಮಧ್ಯಾಹ್ನ ಮೂರು ಗಂಟೆ. 94 ಬಂತು. ಹೆಡರುಗಳ ಖರ್ಚು ಕಳೆದರೆ ನೂರರಲ್ಲಿ ಉಳಿಯುವುದೇ ಅಷ್ಟು. ಅಂದರೆ ಹಗಲಿನಲ್ಲಿ ಬೀದಿಯಿಂದ ಮನೆತನಕ ಬರುತ್ತಿದ್ದುದು ಪೂರ್ತಿ ನೂರು. ಎಪ್ಪತ್ತು ಕಳೆದುಹೋಗುತ್ತಿದ್ದುದು ನಮ್ಮ ಪಡಸಾಲೆ ಮತ್ತು ಒಳಕೋಣೆಯ ನಡುವೆ. ಅಪ್ಪ ಹೆಚ್ಚಿಗೆ ಕೊಟ್ಟ ರೊಕ್ಕ ಗೋಡೆ ಕುಡಿಯುತ್ತಿತ್ತು.

(ಈ 94 ಒಂದು ವಿಚಿತ್ರ ಅಂಕಿ. ನಿಮ್ಮ ಮನೆಯಲ್ಲಿ 200 ಅಥವಾ 300ರ ಪ್ಲಾನ್ ಇದ್ದು ಕೇಬಲಿನಲ್ಲಿ ಯಾವಾಗ ನೋಡಿದರೂ 94ಕ್ಕೇ ನಿಂತರೆ ಕಂಪನಿಗೆ ಬೈಯಬೇಡಿ, ಕೇಬಲ್ ನೋಡಿ. ಗಿಗಾಬಿಟ್ ನಡೆಯಲು ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಒಂದು ತಂತಿ ಇಲಿ ಕಡಿದರೆ ಅಥವಾ ಕ್ರಿಂಪಿಂಗ್ ಸಡಿಲವಾದರೆ ಎರಡೂ ಕಡೆಯ ಪೋರ್ಟುಗಳು ಸುಮ್ಮನೆ 100ಕ್ಕೆ ಇಳಿದು ರಾಜಿಯಾಗುತ್ತವೆ. ಯಾರಿಗೂ ಹೇಳುವುದಿಲ್ಲ.)

ನಮ್ಮದು ಹಳೇ ಮನೆ. ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಕನೆಕ್ಷನ್ ಕೊಡಲು ಬಂದ ಹುಡುಗ ಬಾಗಿಲ ಹತ್ತಿರವೇ, ಟಿವಿ ಮಗ್ಗುಲಿಗೆ, ಕಬ್ಬಿಣದ ಅಲಮಾರಿಯ ಹಿಂದೆ ರೌಟರ್ ಇಟ್ಟು ಹೋಗಿದ್ದ. ಅವನಿಗೆ ವೈರ್ ಕಡಿಮೆ ಹಿಡಿಯಿತು. ಅಕ್ಕನ ಡೆಸ್ಕ್‌ಟಾಪ್ ಎರಡು ಗೋಡೆ ಆಚೆಯ ಕೋಣೆಯಲ್ಲಿ, ಕೂಸು ಮಲಗುವ ತೊಟ್ಟಿಲ ಹತ್ತಿರ. ಅದರ ಬೆನ್ನಿಗೆ ಒಂದು ಸಣ್ಣ ವೈಫೈ ಡಾಂಗಲ್. ಡಬ್ಬಿ ಮೇಲೆ 150 ಅಂತ ಬರೆದಿದೆ. ಅದು ಗಾಳಿಯಲ್ಲಿ ಎಲ್ಲವೂ ಸರಿಯಾಗಿದ್ದಾಗಿನ ಲೆಕ್ಕ, ಕೈಗೆ ಸಿಗುವ ಲೆಕ್ಕ ಅಲ್ಲ. ಡಾಂಗಲ್ ಹಿಡಿಯುವುದು 2.4 ಗಿಗಾಹರ್ಟ್ಸ್ ಮಾತ್ರ. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಕೂರುವ ಚಾನೆಲ್ ಮೂರೇ: 1, 6, 11. ನಮ್ಮ ಓಣಿಯಲ್ಲಿ ಫೋನು ಹಿಡಿದು ಎಣಿಸಿದರೆ ಒಂಬತ್ತು ರೌಟರ್ ಕಂಡವು. ವೈಫೈಯಲ್ಲಿ ಒಂದು ಚಾನೆಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ದೂರದಲ್ಲಿ ಕೂತು ನಿಧಾನಕ್ಕೆ ಮಾತಾಡುವ ಒಂದು ಹಳೇ ಫೋನು ಇದ್ದರೆ ಉಳಿದವರೆಲ್ಲ ಅದು ಮುಗಿಸುವ ತನಕ ಕಾಯಬೇಕು.

ಇನ್ನೊಂದು ಸಂಗತಿ ನನಗೇ ಆಶ್ಚರ್ಯ ಆಗಿದ್ದು. ಡಾಂಗಲಿನ ಪಕ್ಕದ ನೀಲಿ ಪೋರ್ಟಿನಲ್ಲಿ ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿತ್ತು. ಯುಎಸ್‌ಬಿ 3.0 ಕೆಲಸ ಮಾಡುವಾಗ ಅದರ ಸದ್ದು 2.4 ಗಿಗಾಹರ್ಟ್ಸ್ ಪಟ್ಟಿಗೇ ಸೋರುತ್ತದೆ. ಇಂಟೆಲ್ 2012ರಲ್ಲೇ ಈ ಬಗ್ಗೆ ಒಂದು ತಾಂತ್ರಿಕ ಟಿಪ್ಪಣಿ ಹೊರತಂದಿತ್ತು. ಅಂದರೆ ಇಳಿದ ಫೈಲು ಆ ಡಿಸ್ಕಿಗೆ ಬರೆಯುತ್ತಿದ್ದಾಗಲೇ ಆ ಬರಹ ಇಳಿಯುವುದನ್ನು ತಡೆಯುತ್ತಿತ್ತು. ಡಾಂಗಲನ್ನು ಒಂದು ಮೀಟರಿನ ಎಕ್ಸ್‌ಟೆನ್ಶನ್ ವೈರಿಗೆ ಹಾಕಿ ಕಿಟಕಿ ಕಟ್ಟೆಗೆ ತಂದಿಟ್ಟೆ. 24 ಇದ್ದದ್ದು 38 ಆಯಿತು. ಮರುದಿನ ಬಸವಕಲ್ಯಾಣಕ್ಕೆ ಹೋಗಿ ಇಪ್ಪತ್ತು ಮೀಟರ್ ಕ್ಯಾಟ್ 6 ಕೇಬಲ್ ತಂದು, ಬಾಗಿಲ ಚೌಕಟ್ಟಿನ ಮೇಲಿಂದ ಎಳೆದು ಡೆಸ್ಕ್‌ಟಾಪಿಗೆ ಸಿಕ್ಕಿಸಿದೆ. 93. ಅದರ ಖರ್ಚು ಅಪ್ಪ ಪ್ಲಾನಿಗೆ ಹೆಚ್ಚಿಗೆ ಕಟ್ಟಿದ್ದಕ್ಕಿಂತ ಕಡಿಮೆ.

ಆದರೆ ಅಕ್ಕನ ವಿಡಿಯೋ ಕಾಲ್ ಮಾತ್ರ ಆಗಾಗ ಕಲ್ಲಿನ ಹಾಗೆ ನಿಲ್ಲುತ್ತಿತ್ತು, ಕೇಬಲ್ ಇದ್ದರೂ. ನಿಂತಾಗೆಲ್ಲ ಪಿಂಗ್ ಹಚ್ಚಿ ನೋಡಿದೆ. 20 ಮಿಲಿಸೆಕೆಂಡ್ ಇರಬೇಕಾದ್ದು 600 ದಾಟುತ್ತಿತ್ತು. ಮನೆಯೆಲ್ಲ ಹುಡುಕಿದ ಮೇಲೆ ಸಿಕ್ಕಿದ್ದು ತಮ್ಮನ ಫೋನ್. ಹೊರಗಿನಿಂದ ಬಂದು ವೈಫೈ ಹಿಡಿದ ಕೂಡಲೇ ಅದು ದಿನದ ಫೋಟೋ, ವಿಡಿಯೋ ಎಲ್ಲವನ್ನೂ ಮೇಲೆ ಕಳಿಸಲು ಶುರು ಮಾಡುತ್ತಿತ್ತು. ಅಪ್‌ಲೋಡಿನ ದಾರಿ ತುಂಬಿದರೆ ಡೌನ್‌ಲೋಡೂ ಬೀಳುತ್ತದೆ, ಯಾಕೆಂದರೆ "ಮುಟ್ಟಿತು, ಮುಂದಿನದು ಕಳಿಸು" ಅಂತ ನಾವು ಹೇಳಬೇಕಾದ ಸಂದೇಶವೂ ಅದೇ ದಾರಿಯಲ್ಲಿ ಸರತಿ ನಿಲ್ಲಬೇಕು. ರೌಟರಿನ ಬಫರ್ ದೊಡ್ಡದಿದ್ದಷ್ಟೂ ಸರತಿ ಉದ್ದ. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರಿಟ್ಟ ಜಿಮ್ ಗೆಟ್ಟಿಸ್, ಎಕ್ಸ್ ವಿಂಡೋ ಸಿಸ್ಟಮ್ ಕಟ್ಟಿದವರಲ್ಲೊಬ್ಬರು, 2010ರ ಸುಮಾರಿಗೆ ಇದರ ಜಾಡು ಹಿಡಿದದ್ದು ತಮ್ಮ ಮನೆಯ ಕನೆಕ್ಷನ್ನಿನಲ್ಲೇ. ಮನೆಯ ನೆಟ್ ನೋಡುವುದು ಸಣ್ಣ ಕೆಲಸ ಅಂತ ಅಂದುಕೊಂಡವರಿಗೆ ಈ ಮಾತು. ತಮ್ಮನ ಫೋನಿನ ಬ್ಯಾಕಪ್ಪನ್ನು ಚಾರ್ಜಿಗೆ ಹಾಕಿದಾಗ ಮಾತ್ರ ನಡೆಯುವ ಹಾಗೆ ಮಾಡಿದೆ. ಅವನು ಎರಡು ದಿನ ಮಾತಾಡಲಿಲ್ಲ.

ಇಷ್ಟಾದ ಮೇಲೆ ಉಳಿದದ್ದು ರಾತ್ರಿ.

ಒಂಬತ್ತರಿಂದ ಹನ್ನೊಂದರ ತನಕ ಅದೇ ಕೇಬಲ್, ಅದೇ ಕಂಪ್ಯೂಟರ್, ಅದೇ ಫೈಲು. ಬರುತ್ತಿದ್ದುದು 4, 5 ಎಂಬಿಪಿಎಸ್. ಕನೆಕ್ಷನ್ ಕೊಟ್ಟ ಹುಡುಗನನ್ನು ಕರೆದೆವು. ಪಾಪ, ರಾತ್ರಿಯೇ ಬಂದ. ಫೋನ್ ತೆಗೆದು ಸ್ಪೀಡ್ ಟೆಸ್ಟ್ ಮಾಡಿ ತೋರಿಸಿದ. "ನಲವತ್ತು ಬರ್ಲತ್ತದ ನೋಡ್ರಿ ಅಣ್ಣಾರ. ಈ ಟೈಮಿಗಿ ಎಲ್ಲಾರ್ದೂ ಹಿಂಗೇ ಇರ್ತದ." ಅವನೂ ಸುಳ್ಳು ಹೇಳುತ್ತಿರಲಿಲ್ಲ, ಅಕ್ಕನೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರ ಅಂಕಿಯೂ ಖರೆ ಇರುವುದು ಹೇಗೆ?

ನಮ್ಮ ಪುಸ್ತಕದಲ್ಲಿರುವ, ನಾವು ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ನೋಡುವ ಟಿಸಿಪಿ ಪಾಠ ಇಲ್ಲಿ ಕೆಲಸಕ್ಕೆ ಬಂತು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಬಿತ್ತು. 40 ಸಾವಿರ ಅಲ್ಲ, ಬರೀ 40. ಎರಡು ಜಾಗಕ್ಕೂ ನಡುವಿನ ದೂರ 400 ಗಜ, ಹಾಸ್ಟೆಲಿನಿಂದ ಮೆಸ್ಸಿಗೆ ಹೋದಷ್ಟು. ವ್ಯಾನ್ ಜೇಕಬ್ಸನ್ ಯಾಕೆ ಹೀಗಾಯಿತು ಅಂತ ಬೆನ್ನು ಹತ್ತಿದರು. 1988ರಲ್ಲಿ ಬಂದ ಅವರ ಪ್ರಬಂಧದಿಂದ ಟಿಸಿಪಿ ಒಂದು ಶಿಸ್ತು ಕಲಿಯಿತು. ಪ್ಯಾಕೆಟ್ ಕಳೆದುಹೋದರೆ ಮುಂದೆ ದಾರಿಯಲ್ಲಿ ದಟ್ಟಣೆ ಇದೆ ಅಂತ ತಿಳಿದು ಕಳಿಸುವವನು ತಾನಾಗಿ ನಿಧಾನ ಮಾಡಬೇಕು. ಇಂಟರ್ನೆಟ್ ಉಳಿದದ್ದು ಈ ಶಿಸ್ತಿನಿಂದ. ಆದರೆ ಇದಕ್ಕೆ ಒಂದು ಬೆಲೆ ಇದೆ. 1997ರಲ್ಲಿ ಮ್ಯಾಥಿಸ್ ಮತ್ತು ಜೊತೆಗಾರರು ಬರೆದ ಸೂತ್ರಕ್ಕೆ ಅಂಕಿ ಹಾಕಿ ನೋಡಿ. ಪ್ಯಾಕೆಟ್ಟಿಗೆ 1460 ಬೈಟ್, ಹೋಗಿಬರುವ ಸಮಯ 30 ಮಿಲಿಸೆಕೆಂಡ್, ನೂರಕ್ಕೆ ಒಂದು ಪ್ಯಾಕೆಟ್ ನಷ್ಟ. ಒಂದು ಟಿಸಿಪಿ ಕನೆಕ್ಷನ್ನಿಗೆ ಸಿಗುವುದು 5 ಎಂಬಿಪಿಎಸ್‌ಗಿಂತ ಕಡಿಮೆ. ನಿಮ್ಮ ಪ್ಲಾನ್ ನೂರಿರಲಿ, ಸಾವಿರ ಇರಲಿ.

ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರ್ ಆರಿಸಿಕೊಂಡು, ಒಂದೇ ಸಲಕ್ಕೆ ಹಲವು ಕನೆಕ್ಷನ್ ತೆರೆದು, ಎಲ್ಲವನ್ನೂ ಕೂಡಿಸಿ ಅಂಕಿ ತೋರಿಸುತ್ತದೆ. ಅಕ್ಕನ ಫೈಲು ಆಫೀಸಿನ ಸರ್ವರಿನಿಂದ ಒಂದೇ ಕನೆಕ್ಷನ್ನಿನಲ್ಲಿ ಬರುತ್ತದೆ. ಅವನ 40, ಇವಳ 5. ಎರಡಕ್ಕೂ ನಡುವೆ ಕೂತದ್ದು ನೂರಕ್ಕೆ ಒಂದು ಪ್ಯಾಕೆಟ್.

ಅದು ಎಲ್ಲಿ ಕಳೆಯುತ್ತಿದೆ ಅಂತ ಮೂರು ರಾತ್ರಿ ನೋಡಿದೆ. ಅರ್ಧ ಗಂಟೆಗೊಮ್ಮೆ ಮೂರು ಜಾಗಕ್ಕೆ ಐನೂರು ಐನೂರು ಪಿಂಗ್: ನಮ್ಮ ರೌಟರ್, ಕಂಪನಿಯ ಗೇಟ್‌ವೇ, ಹೈದರಾಬಾದಿನ ಆಫೀಸ್ ಸರ್ವರ್. ಅಕ್ಕನ ಹಳೇ ಡೈರಿಯಲ್ಲಿ ಗೆರೆ ಹಾಕಿ ಬರೆದೆ. ಮೊದಲ ರಾತ್ರಿ ಟ್ರೇಸ್‌ರೂಟಿನಲ್ಲಿ ನಡುವಿನ ಒಂದು ರೌಟರ್ ಉತ್ತರ ಕೊಡಲಿಲ್ಲ ಅಂತ "ಸಿಕ್ಕಿತು ಕಳ್ಳ" ಅಂದುಕೊಂಡೆ. ತಪ್ಪು. ನಡುವಿನ ರೌಟರುಗಳು ಪಿಂಗಿಗೆ ಉತ್ತರ ಕೊಡುವುದನ್ನು ಕಡೆಯ ಕೆಲಸ ಅಂತ ಇಟ್ಟುಕೊಂಡಿರುತ್ತವೆ. ಅಲ್ಲಿ ಕಂಡ ನಷ್ಟ ಮುಂದಿನ ಎಲ್ಲ ಹೆಜ್ಜೆಗಳಲ್ಲೂ ಕಂಡರೆ ಮಾತ್ರ ಅದು ಖರೆ ನಷ್ಟ. ಮೂರು ರಾತ್ರಿಯ ಲೆಕ್ಕ ಹೀಗಿತ್ತು: ರೌಟರಿನ ತನಕ ನಷ್ಟ ಸೊನ್ನೆ, ಗೇಟ್‌ವೇ ತನಕ ಸೊನ್ನೆ, ಹೈದರಾಬಾದಿಗೆ ಹಗಲು ಸೊನ್ನೆ, ರಾತ್ರಿ ಒಂಬತ್ತರಿಂದ ಹನ್ನೊಂದಕ್ಕೆ ನೂರಕ್ಕೆ ಒಂದರಿಂದ ಎರಡು. ಫೈಬರ್ ಪೆಟ್ಟಿಗೆಯ ಪುಟದಲ್ಲಿ ಬೆಳಕಿನ ಬಲ ಮೈನಸ್ 21 ಡಿಬಿಎಂ ಇತ್ತು. ಸಾಮಾನ್ಯ ಜಿಪಾನ್ ಪೆಟ್ಟಿಗೆ ಮೈನಸ್ 27ರ ತನಕ ತಡೆದುಕೊಳ್ಳುತ್ತದೆ, ಹಾಗಾಗಿ ನಮ್ಮ ಓಣಿಯ ಫೈಬರಿನ ತಪ್ಪೂ ಅಲ್ಲ. ಒಂದು ಜಿಪಾನ್ ಪೋರ್ಟಿನ 2.5 ಗಿಗಾಬಿಟ್ಟನ್ನು 32 ಮನೆ ಹಂಚಿಕೊಂಡರೂ, ಎಲ್ಲರೂ ಒಂದೇ ಕ್ಷಣಕ್ಕೆ ಎಳೆದರೂ ತಲೆಗೆ ಎಪ್ಪತ್ತಕ್ಕಿಂತ ಹೆಚ್ಚು ಬರುತ್ತದೆ. ಸಾಲದೆ ಬಂದದ್ದು ಅದರ ಹಿಂದೆ, ಊರಿನಿಂದ ಹೊರಗೆ ಹೋಗುವ ದಾರಿ.

ಆ ಪುಟ ತೋರಿಸಿದಾಗ ಹುಡುಗ ಬಹಳ ಹೊತ್ತು ನೋಡಿದ. ಫೋಟೋ ತೆಗೆದುಕೊಂಡ. "ನಾವು ಮ್ಯಾಲ ಫೋನ್ ಮಾಡಿದ್ರ 'ಸ್ಲೋ ಅದ ಅಂತ ಎಲ್ಲಾರೂ ಅಂತಾರ' ಅಂತ ಇಟ್ಟುಬಿಡ್ತಾರ್ರಿ. ಈಗ ಹೇಳ್ಲಕ್ಕ ಏನರ ಸಿಕ್ತು." ಎಂಟು ದಿನ ಹಿಡಿಯಿತು. ಏನು ಮಾಡಿದರೋ ಹೇಳಲಿಲ್ಲ. ರಾತ್ರಿಯ ನಷ್ಟ ಪೂರ್ತಿ ಹೋಗಲಿಲ್ಲ, ಆದರೆ ಒಂಬತ್ತು ಗಂಟೆಗೆ ಅಕ್ಕನಿಗೆ 50ರ ಆಸುಪಾಸು ಬರತೊಡಗಿತು.

ಹಾಸ್ಟೆಲಿನಲ್ಲಿ ಇದನ್ನು ಹೇಳಿದಾಗ ಗೆಳೆಯನೊಬ್ಬ ಕೇಳಿದ, "ರೊಕ್ಕ ಕೊಡೋದು ನಾವು, ಅಳೀಬೇಕಾದವ್ರೂ ನಾವೇನು?" ನ್ಯಾಯವಾದ ಪ್ರಶ್ನೆ. ನಮ್ಮ ಕಾಕಾ ಅಳೆಯಬೇಕಾಗಿಲ್ಲ, ಅಳೆಯದೆಯೂ ಅವರಿಗೆ ಸರಿಯಾದ ನೆಟ್ ಸಿಗಬೇಕು. ನಮ್ಮ ಭಾಗಕ್ಕೆ ಸೌಕರ್ಯ ತಡವಾಗಿ ಬಂತು ಅನ್ನುವುದೂ ಸುಳ್ಳಲ್ಲ. ದೇಶದ ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಮುಂದೆ ಅದೇ ಭಾರತ್‌ನೆಟ್ ಆಯಿತು. ಪಂಚಾಯಿತಿ ಕಟ್ಟೆಯಿಂದ ಮನೆಯ ಬಾಗಿಲ ತನಕ ಎಳೆಯುವ ಕೊನೆಯ ತುಂಡು ಮಾತ್ರ ಇವತ್ತಿಗೂ ಊರೂರಿನ ನಸೀಬು. 512 ಕೆಬಿಪಿಎಸ್ ಇದ್ದರೆ ಸಾಕು ಬ್ರಾಡ್‌ಬ್ಯಾಂಡ್ ಅನ್ನುವ ವ್ಯಾಖ್ಯೆ 2 ಎಂಬಿಪಿಎಸ್‌ಗೆ ಏರಿದ್ದು 2023ರಲ್ಲಿ. ಇವೆಲ್ಲ ಬೈಯಲು ತಕ್ಕ ಸಂಗತಿಗಳೇ. ಆದರೆ ಅಲಮಾರಿ ಹಿಂದೆ ರೌಟರ್ ಇಟ್ಟುಕೊಂಡು ಕಲ್ಯಾಣ ಕರ್ನಾಟಕ ಹಿಂದುಳಿದದ್ದು ಅಂತ ಭಾಷಣ ಮಾಡಿದರೆ ಎದುರಿನವನು ಮೊದಲು ಅಲಮಾರಿ ತೋರಿಸುತ್ತಾನೆ, ಆಮೇಲೆ ಫೋನ್ ಇಡುತ್ತಾನೆ. ನಮ್ಮ ಕಡೆಯ ಎಪ್ಪತ್ತನ್ನು ನಾವು ತೆಗೆದ ಮೇಲೆಯೇ ಅವನ ಕಡೆಯ ಒಂದು ಪ್ಯಾಕೆಟ್ ಕಂಡದ್ದು.

ಇನ್ನೊಂದು ಮಾತು, ಇದು ಸ್ವಲ್ಪ ಖಾರ ಅನ್ನಿಸಬಹುದು. ಪ್ರತಿ ವರ್ಷ ಮಿನಿ ಪ್ರಾಜೆಕ್ಟ್ ಅಂತ ಎಷ್ಟು ಸ್ಮಾರ್ಟ್ ಡಸ್ಟ್‌ಬಿನ್ ಮಾಡುತ್ತೇವೆ? ಅವುಗಳಲ್ಲಿ ಒಂದಾದರೂ ಕಸ ಕಂಡಿದೆಯೇ? ಅದರ ಬದಲು ನಾಲ್ಕು ಜನ ಸೇರಿ ತಮ್ಮ ತಮ್ಮ ಊರಿನಲ್ಲಿ ಹತ್ತು ಹತ್ತು ಮನೆಗೆ ಹೋಗಿ, ಒಂದು ವಾರ, ಕೇಬಲಿನಲ್ಲಿ ಎಷ್ಟು, ವೈಫೈಯಲ್ಲಿ ಎಷ್ಟು, ಹಗಲು ಎಷ್ಟು, ರಾತ್ರಿ ಎಷ್ಟು ಅಂತ ಬರೆದುಕೊಂಡು ಬರಲಿ. ಹಳೇ ಲ್ಯಾಪ್‌ಟಾಪ್, ಒಂದು ಕೇಬಲ್, ಒಂದು ನೋಟ್‌ಬುಕ್ ಸಾಕು. ಗೈಡ್ ಒಪ್ಪುವುದಿಲ್ಲ ಅಂತೀರಾ? ಮ್ಯಾಥಿಸ್ ಸೂತ್ರ ಹಾಕಿ ಒಂದು ಗ್ರಾಫ್ ಬಿಡಿಸಿ, ಒಪ್ಪುತ್ತಾರೆ.

ಅಕ್ಕ ಈಗ ಹುಲಸೂರಿನಿಂದಲೇ ಕೆಲಸ ಮಾಡುತ್ತಿದ್ದಾಳೆ. ಫೆಬ್ರವರಿ ತನಕ ಅಂತ ಕಂಪನಿಯವರು ಹೇಳಿದ್ದಾರೆ, ಆಮೇಲಿನದು ಆಮೇಲೆ. ಮೊನ್ನೆ ಫೋನ್ ಮಾಡಿ, "ಮತ್ ಸ್ಲೋ ಆಗ್ಯಾದೋ" ಅಂದಳು. ಲಿಂಕ್ ಸ್ಪೀಡ್ ನೋಡು ಅಂದೆ. ಒಂದು ಗಿಗಾಬಿಟ್ ಇದ್ದದ್ದು 100 ಆಗಿತ್ತು. ವಿಡಿಯೋ ಕಾಲ್ ಮಾಡಿ ಕೇಬಲ್ ಹೋದ ದಾರಿ ಪೂರ್ತಿ ತೋರಿಸು ಅಂದೆ. ಪಡಸಾಲೆಯ ಬಾಗಿಲಿನಿಂದ ಒಳಕೋಣೆಯ ತನಕ, ಇಪ್ಪತ್ತು ಮೀಟರ್ ಕ್ಯಾಟ್ 6ರ ಮೇಲೆ, ಅವ್ವ ಕೂಸಿನ ಕುಂಚಿಗಿ, ದುಪಟಿ, ಲಂಗೋಟಿ ಎಲ್ಲ ಸಾಲಾಗಿ ಒಣಹಾಕಿದ್ದಳು.